ಆರ್ಗನ್ನಿಗೆ ಚಳಿಯಾಗದಿರಲೆಂದು

ಜೀಲಂಡ್, ಗುರುವಾರ

ಅಪ್ಪಾ,

ಮೊದಲು ಇದನ್ನು ಓದಿಕೊಳ್ಳಿ: ನಿಮ್ಮ ಕಿವಿಗೆ ಏನೂ ಆಗಿಲ್ಲ. ನೀವು ರಿಪೇರಿ ಮಾಡಿ ಕಳಿಸಿದ ಕುಣಿತದ ಆರ್ಗನ್ ಇಲ್ಲಿ ಅಪಸ್ವರ ನುಡಿಯುತ್ತಿದ್ದುದು ನಿಜ. ಕೊಳವೆಗಳ ಶ್ರುತಿ ಏರಿತ್ತು, ಆರ್ಗನ್ನಿಗೇ ಜೋಡಿಸಿರುವ ಅಕಾರ್ಡಿಯನ್ನಿನದು ಇದ್ದಲ್ಲೇ ಇತ್ತು. ಹಿಂದೆ ಹೋಗಿ ನೋಡಿದರೆ, ಕೆಫೆಯ ಒಡತಿ ಯಾಕೊಮೀನಾ ಅದರ ಬೆನ್ನಿಗೇ ಕಲ್ಲಿದ್ದಲ ಒಲೆ ಉರಿಸಿದ್ದಾಳೆ!

"ಇದು ತೊಂಬತ್ತು ವರ್ಷದ ಮುದುಕಿ ಕಣಮ್ಮಾ, ಈ ಸಮುದ್ರದ ಗಾಳಿಗೆ ಶೀತ ಆಗಲ್ವಾ?" ಎಂದಳು.

"ಶೀತ ಇರ್ಲಿ, ನೀವು ಅದಕ್ಕೆ ಜ್ವರಾನೇ ಬರಿಸಿದ್ದೀರಲ್ರೀ! ಈ ಬಿಸಿಗೇ ಕೊಳವೆಗಳ ಶ್ರುತಿ ಏರಿರೋದು!" ಎಂದೆ.

ಒಲೆ ಆರಿಸಿ, ಬಾಗಿಲು ತೆರೆದು, ಕೋಟು ತೊಟ್ಟು ಕಾದೆವು. ಮೂರು ಗಂಟೆಗೆ ಅದು ಓದಿ ನುಡಿಯುವ, ತೂತು ಕೊರೆದ ರಟ್ಟಿನ ಹಾಡಿನ ಪುಸ್ತಕವನ್ನು ಅದರ ಬಾಯಿಗೆ ಕೊಟ್ಟೆ. ಒಂದು ಕೊಳವೆಯನ್ನೂ ನಾನು ಮುಟ್ಟಿಲ್ಲ ಅಪ್ಪಾ, ಶ್ರುತಿ ನೀವು ಕೂರಿಸಿದಲ್ಲಿಗೇ ಬಂದು ಕೂತಿತು. ಮೀನುಗಾರರು ಮಫ್ಲರ್ ಸುತ್ತಿಕೊಂಡೇ ವಾಲ್ಟ್ಸ್ ಕುಣಿದರು.

ನನ್ನ ಕೆಮ್ಮು ಕಡಿಮೆಯಾಗಿದೆ, ಇಲ್ಲಿಯ ಹಾವುಮೀನು ಚೆನ್ನಾಗಿದೆ. ಶನಿವಾರದ ರೈಲಿಗೆ ಬರುತ್ತೇನೆ. ಯಾಕೊಮೀನಾಳ ದೂರಿನ ಕಾಗದ ಬಂದ ದಿನ, ನನ್ನ ಕಿವಿ ಹೋಯಿತು, ಇದನ್ನು ಇನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಉಪಕರಣಗಳ ಪೆಟ್ಟಿಗೆಗೆ ಹಗ್ಗ ಬಿಗಿದಿರಲ್ಲ, ನಾನು ಬರುವಷ್ಟರಲ್ಲಿ ಅದನ್ನು ಬಿಚ್ಚಿಟ್ಟಿರಿ.

ಲಿವೀನ