ಮರಳ ರಾಶಿಗೆ ಎಳೆದವರೂ ಉಸಿರು ಕೊಟ್ಟವಳೂ

ಗೋಪಾಳ, ಶಿವಮೊಗ್ಗ
ಮೇ ೧೯೯೮

ವಿಶ್ವಾರಾಧ್ಯರೇ, ಶರಣು.

ಮೊದಲು ‘ಬೀಗರೇ’ ಎಂದು ಬರೆದಿದ್ದೆ. ಹೊಡೆದು ಹಾಕಿದೆ. ಆ ಪದವನ್ನು ವಾಪಸ್ಸು ತೆಗೆದುಕೊಂಡವರು ನೀವು. ಅದೂ ನೀವಾಗಿ ಬಂದು ಹೇಳಲಿಲ್ಲ. ಸಂಬಂಧ ಕುದುರಿಸಿದ್ದ ಹೂವಪ್ಪನ ಕೈಲಿ ಹೇಳಿ ಕಳಿಸಿದಿರಿ. ಪಾಪ, ನಮ್ಮ ಮನೆಯ ಕಾಫಿ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತಲೇ ಒಪ್ಪಿಸಿದ: “ತಪ್ಪು ತಿಳೀಬೇಡಿ ಶಿವಮೂರ್ತಪ್ನೋರೆ. ಮಾವನ ಬಾಯಿಗೆ ಬಾಯಿ ಇಟ್ಟೋಳು ನಾಳೆ ಸೊಸೆ ಆಗಿ ಅದೇ ಮನೇಲಿ ಹೆಂಗೆ ಓಡಾಡ್ತಾಳೆ ಅಂತ ಅವರ ಅಕ್ಕನೋರು ಕೇಳ್ತಾರೆ.”

ಅಕ್ಕನವರು ಕೇಳಲಿ, ವಿಶ್ವಾರಾಧ್ಯರು ಏನಂದರು ಎಂದೆ. “ಅವರು ಏನೂ ಅನ್ಲಿಲ್ಲ” ಎಂದ.

ನೀವು ಏನೂ ಅನ್ನದೆ ಕೂತಿರಲ್ಲ, ಅದಕ್ಕೇ ಈ ಪತ್ರ.

ನಿಮಗೆ ಆ ದಿನದ ನೆನಪಿಲ್ಲವಂತೆ. ಇರುವುದು ಹೇಗೆ, ಸ್ವಲ್ಪ ಹೊತ್ತು ನೀವೇ ಇರಲಿಲ್ಲವಲ್ಲ! ನನ್ನ ಮಗಳು ಪ್ರಿಯದರ್ಶಿನಿಗೂ ನಿಮ್ಮ ಮಗ ಮಧುವಿಗೂ ನಮ್ಮ ಮನೆಯ ಮುಂದೆ ಶಾಮಿಯಾನ ಹಾಕಿ ನಿಶ್ಚಿತಾರ್ಥ ಮುಗಿದಿತ್ತು. ನೀವು ಹೋಳಿಗೆ ಊಟ ಮಾಡಿ, ಕೈ ತೊಳೆದು, ಒದ್ದೆ ಕೈಯಲ್ಲೇ ಶಾಮಿಯಾನದ ಕಬ್ಬಿಣದ ಕಂಬ ಹಿಡಿದಿರಿ. ದೀಪದ ಸರದ ವೈರು ಆ ಕಂಬಕ್ಕೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಸುಲಿದಿತ್ತು. ನಾನು ಓಡಿ ಮೈನ್ ಸ್ವಿಚ್ ಆರಿಸಿದೆ. ನೀವು ಬಿದ್ದಿರಿ. ಉಸಿರಿಲ್ಲ, ನಾಡಿ ಇಲ್ಲ.

ನಿಮ್ಮ ತಮ್ಮ ರುದ್ರೇಶ್ ಏನು ಮಾಡಿದರು ಗೊತ್ತೇ? “ಮರಳಲ್ಲಿ ಹೂಳ್ರೋ, ಮೈಯಿಂದ ಕರೆಂಟು ಇಳೀಲಿ!” ಎಂದು ನಿಮ್ಮ ಕಾಲು ಹಿಡಿದು ಎಳೆದರು. ಗೋಪಾಳದಲ್ಲಿ ಮರಳಿಗೇನು ಬರ, ಸೈಟಿಗೊಂದು ಮನೆ ಏಳುತ್ತಿದೆ. ಪಕ್ಕದ ಸೈಟಿನ ರಾಶಿಯನ್ನು ಆಗಲೇ ಇಬ್ಬರು ಬಗೆಯುತ್ತಿದ್ದರು. ನಮ್ಮವರಲ್ಲಿ ಹೂಳುವ ಪದ್ಧತಿ ಇದೆ, ಒಪ್ಪಿದೆ. ಆದರೆ ಸಾಯುವ ತನಕ ಕಾಯುವ ಪದ್ಧತಿಯೂ ಇದೆಯಲ್ಲ! ಮಾಚೇನಹಳ್ಳಿಯಲ್ಲಿ ಸುಟ್ಟ ಮೋಟಾರುಗಳಿಗೆ ರಿವೈಂಡಿಂಗ್ ಮಾಡಿಯೇ ಮೇಲೆ ಬಂದವನು ನಾನು. ಕರೆಂಟೇನು ಮಂಡಿಯ ಅಡಿಕೆ ಮೂಟೆಯೇ, ಮೈಯೊಳಗೆ ಸ್ಟಾಕು ಕೂರುವುದಕ್ಕೆ? ಸ್ವಿಚ್ ಆರಿದೊಡನೆ ಅದು ಹೋಯಿತು. ಹೋಗುವಾಗ ನಿಮ್ಮ ಎದೆಬಡಿತವನ್ನೂ ಒಯ್ದಿತ್ತು. ಅದನ್ನು ವಾಪಸ್ಸು ತರುವ ಕೆಲಸ ನನಗೆ ಗೊತ್ತಿರಲಿಲ್ಲ.

ಪ್ರಿಯಳಿಗೆ ಗೊತ್ತಿತ್ತು. ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ಕಲಿತಿದ್ದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು. “ಬಿಡಿ ಚಿಕ್ಕಪ್ಪ, ಹೂತ್ರೆ ಉಳಿಯೋ ಜೀವಾನೂ ಹೋಗುತ್ತೆ” ಎಂದು ರುದ್ರೇಶರ ಕೈ ಕಿತ್ತಳು. ನಿಮ್ಮ ಎದೆಯ ನಡುವೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. “ಲಿಂಗ ಮುಟ್ಬೇಡ್ವೇ!” ಎಂದು ಅಕ್ಕನವರು ಚೀರಿದರು. ಅವಳು ಶಿವದಾರ ಬಿಚ್ಚಲಿಲ್ಲ. ಕರಡಿಗೆಯನ್ನು ಪಕ್ಕಕ್ಕೆ ಸರಿಸಿ, ನಿಮ್ಮದೇ ಎಡಗೈ ಮಡಿಸಿ, ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. ದಿನಾ ಪೂಜೆಗೆ ಕೂತಾಗ ನೀವು ಲಿಂಗ ಇಟ್ಟುಕೊಳ್ಳುವುದೂ ಅಲ್ಲೇ ಅಲ್ಲವೇ?

ಆಮೇಲೆ ಅಂಗೈ ಮೇಲೆ ಅಂಗೈ ಇಟ್ಟು ಎದೆ ಒತ್ತಿದಳು. ನಿಮ್ಮ ಮೂಗು ಹಿಡಿದು ಬಾಯಿಂದ ಉಸಿರು ಊದಿದಳು. ಮತ್ತೆ ಒತ್ತಿದಳು. ಹೆಂಗಸರು ಮುಖ ತಿರುಗಿಸಿದರು. ನಿಮ್ಮ ಕಡೆಯವನೊಬ್ಬ, “ಏನ್ ಮಾರಾಯ, ಮದ್ವೆಗೆ ಮುಂಚೇನೇ ಮಾವನ ಸೇವೆ ಶುರುವಾಯ್ತಲ್ಲ” ಎಂದ. ಅವಳ ತೋಳು ಸೋಲುತ್ತಿತ್ತು. “ನಿಲ್ಲಿಸ್ಬೇಡ ಪ್ರಿಯಾ, ನಿಲ್ಲಿಸ್ಬೇಡ” ಎಂದು ಮಧು ಅಳುತ್ತಿದ್ದ. ಈಗ ಅವನೂ ಅಪ್ಪನ ಹಾಗೆ ಮೌನಿ.

ಕೊನೆಗೆ ನೀವು ಕೆಮ್ಮಿದಿರಿ. ಅವಳ ಸೀರೆಯ ಮೇಲೆ ಹೋಳಿಗೆ ಕಕ್ಕಿದಿರಿ. ಜೀವಮಾನದಲ್ಲಿ ಅಷ್ಟು ಚೆಂದದ ಸದ್ದು ನಾನು ಕೇಳಿಲ್ಲ.

“ಪಕ್ಕೆಲುಬು ಮುರಿದ್ಬಿಟ್ಲು” ಎಂದು ರುದ್ರೇಶ್ ಈಗಲೂ ಹೇಳಿಕೊಂಡು ತಿರುಗುತ್ತಾರಂತೆ. ನಿಜ, ಮುರಿದಿದೆ. ಅವರ ಮಾತಿನಂತೆ ಹೂತಿದ್ದರೆ ನಿಮ್ಮ ಒಂದು ಮೂಳೆಗೂ ಪೆಟ್ಟಾಗುತ್ತಿರಲಿಲ್ಲ, ಎಲ್ಲ ಮರಳಿನಡಿ ಭದ್ರವಾಗಿರುತ್ತಿದ್ದವು.

ಇದನ್ನೆಲ್ಲ ನುಂಗಿಕೊಂಡು ಸುಮ್ಮನಿದ್ದೆ. ಹೋದ ವಾರ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ನಾನೂ ಪ್ರಿಯಳೂ ಇಳಿಯುತ್ತಿದ್ದಂತೆ, ಶಿಫ್ಟು ಮುಗಿಸಿ ಬಂದ ಕಾರ್ಮಿಕರೊಬ್ಬರು ಕಣ್ಣೆದುರೇ ಕುಸಿದರು. ಅವಳು ಒಂದು ಹೆಜ್ಜೆ ಇಟ್ಟಳು. ನಿಂತಳು. ತಿರುಗಿ ನನ್ನ ಮುಖ ನೋಡಿದಳು. ‘ಮುಟ್ಟಲಾ ಅಪ್ಪ?’ ಎಂದು ಕಣ್ಣಲ್ಲೇ ಕೇಳಿದಳು. “ಹೋಗು ಮಗಳೇ!” ಎಂದು ಕಿರುಚಿದೆ. ಅದು ಬರೀ ತಲೆಸುತ್ತು. ಅವಳು ಅವರ ಕಾಲು ಎತ್ತಿ ಹಿಡಿದ ಸ್ವಲ್ಪ ಹೊತ್ತಿಗೆ ಆತ ಎದ್ದು ಕೂತರು. ನಿಮಗಾದಂತೆ ಆಗಿದ್ದರೆ? ನನ್ನ ಮುಖ ನೋಡುವಷ್ಟರಲ್ಲಿ ಒಂದು ಜೀವ ಹೋಗುತ್ತಿತ್ತು. ನಿಮ್ಮ ಪ್ರಾಣ ಉಳಿಸುವಾಗ ಯಾರ ಮುಖವನ್ನೂ ನೋಡದಿದ್ದ ಹುಡುಗಿಗೆ ಈ ಹೆದರಿಕೆ ಕಲಿಸಿದ್ದು ನಿಮ್ಮ ಮೌನ. ಇದನ್ನು ಮಾತ್ರ ನಾನು ಬಿಡುವುದಿಲ್ಲ.

ಮಧುವಿಗೆ ಬೇರೆ ಹೆಣ್ಣು ಗೊತ್ತಾಗಿದೆಯಂತೆ, ಬರುವ ಭಾನುವಾರ ಭದ್ರಾವತಿಯಲ್ಲಿ ನಿಶ್ಚಿತಾರ್ಥವಂತೆ. ಆಗಲಿ. ನೀವು ಕಾಲು ಹಿಡಿದರೂ ಆ ಸಂಬಂಧ ನಮಗೆ ಬೇಡ. ಆದರೆ ಕರೆಯದಿದ್ದರೂ ನಾನು ಬರುತ್ತೇನೆ, ಪ್ರಿಯಳನ್ನೂ ಕರೆತರುತ್ತೇನೆ. ಮೈನ್ ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ನಿಮ್ಮ ಹೋಳಿಗೆ ಮುಟ್ಟುವುದಿಲ್ಲ. ನೀವು ಎದ್ದು ನಿಂತು, ಅಕ್ಕನವರಿಗೂ ‘ಮಾವನ ಸೇವೆ’ ಎಂದ ಆ ಹರಕುಬಾಯಿಯವನಿಗೂ ಕೇಳುವಂತೆ ಹೇಳಬೇಕು: ‘ನಾನು ಸತ್ತಿದ್ದೆ, ಈ ಹುಡುಗಿ ಉಸಿರು ಕೊಟ್ಟಳು, ಅವಳು ಮಾಡಿದ್ದು ಸರಿ.’ ಅಷ್ಟೇ. ಹೇಳಲು ಉಸಿರು ಸಾಲದು ಎನ್ನಬೇಡಿ. ಅದು ಎಲ್ಲಿಂದ ಬಂತೆಂದು ನಾನು ಕಣ್ಣಾರೆ ನೋಡಿದ್ದೇನೆ.

ನೀವು ಹೇಳದಿದ್ದರೆ ನಾನೇನೂ ಜಗಳ ತೆಗೆಯುವುದಿಲ್ಲ. ಊಟಕ್ಕೆ ಎಲೆ ಹಾಕುವ ಮುಂಚೆ ಎದ್ದು ಈ ಪತ್ರದ ಪ್ರತಿ ಓದುತ್ತೇನೆ. ನನ್ನ ಗಂಟಲು ನಿಮಗೆ ಗೊತ್ತಲ್ಲ, ಮೈಕು ಬೇಕಾಗಿಲ್ಲ.

ಅದಾದ ಮೇಲೆ ಅಲ್ಲಿ ಯಾರೇ ಕುಸಿಯಲಿ, ನಿಮ್ಮ ಅಕ್ಕನವರೇ ಆಗಲಿ, ನನ್ನ ಮಗಳು ಯಾರ ಮುಖವನ್ನೂ ನೋಡದೆ ಮಂಡಿಯೂರಬೇಕು.

ನಿಮ್ಮ ಎದೆ ಇನ್ನೂ ಬಹಳ ವರ್ಷ ಬಡಿಯುತ್ತಿರಲಿ. ಭಾನುವಾರ ಕಂಬ ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳಿ.

ಇಂತಿ, ನಿಮಗೆ ಬೀಗನಾಗದೆ ಉಳಿದ
ಶಿವಮೂರ್ತಪ್ಪ