ಬಾಯಲ್ಲಿ ಕ್ಲಿಪ್ಪು ಕಚ್ಚಿದ ಅಮ್ಮನಿಗೆ

ಶನಿವಾರ, ಬೆಳಿಗ್ಗೆ
ಟೈರು ಅಂಗಡಿಯ ಮೇಲಿನ ಕೋಣೆ

ನನ್ನ ಪ್ರೀತಿಯ ಅಮ್ಮ,

ನಿನ್ನ ಬಾಲ ಇಲ್ಲಿ ಕ್ಷೇಮವಾಗಿದೆ. ನಿನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರೆ ನೋವೇ ಇಲ್ಲ ಎಂದು ಸಾಧಿಸುತ್ತೀಯ, ಹಾಗಾಗಿ ಕೇಳುವುದಿಲ್ಲ.

ಇವಳು ಯಾಕೆ ಕಾಗದ ಬರೆದಳು, ಫೋನಿಗೇನಾಯಿತು ಎಂದು ನೀನು ಆಗಲೇ ಎದೆ ಹಿಡಿದುಕೊಂಡಿರುತ್ತೀಯ. ಫೋನಿಗೂ ಏನೂ ಆಗಿಲ್ಲ, ನನಗೂ ಏನೂ ಆಗಿಲ್ಲ. ಮೊನ್ನೆ ಫೋನಿನಲ್ಲಿ ‘ಅಮ್ಮ, ಒಂದನೇ ತಾರೀಕು ನಾನು’ ಎಂದು ಶುರು ಮಾಡಿದೆನಲ್ಲ, ಅಲ್ಲಿಗೇ ನನ್ನ ಮಾತು ಎಂದಿನಂತೆ ಉಗ್ಗಿ ನಿಂತಿತು. ನೀನೂ ಎಂದಿನಂತೆ ನೆರವಿಗೆ ಓಡಿಬಂದೆ. ‘ಬರ್ತೀಯ ತಾನೇ? ಗೊತ್ತು ಬಿಡು. ಸೂಪರ್‌ವೈಸರಮ್ಮಂಗೆ ಹೇಳಿಟ್ಟಿದೀನಿ, ಮಡಿಸೋ ಮೇಜಿನ ಹತ್ರ ನಿನ್ನ ಜಾಗ ಖಾಲಿ ಇಟ್ಟಿದಾರೆ’ ಎಂದು ಸಂತೋಷದಿಂದ ಫೋನ್ ಇಟ್ಟುಬಿಟ್ಟೆ. ನಾನು ಹೇಳಬೇಕೆಂದಿದ್ದ ಮಾತು ಅದಲ್ಲ. ಕಾಗದದ ಸುಖ ಏನೆಂದರೆ, ಇದರೊಳಗೆ ನನ್ನ ವಾಕ್ಯವನ್ನು ನೀನು ಮುಗಿಸುವ ಹಾಗಿಲ್ಲ. ನಿಮ್ಮ ಲಾಂಡ್ರಿಯ ಇಸ್ತ್ರಿ ಮಾವ ಇದನ್ನು ನಿನ್ನ ಕೈಗೆ ಕೊಟ್ಟಾಗ, ಯಾರು ತಂದರು, ಯಾವಾಗ ತಂದರು ಎಂದು ಅವನ ತಲೆ ತಿನ್ನಬೇಡ. ಕೂತುಕೊಂಡು ಪೂರ್ತಿ ಓದು.

ಆ ಮೇಜು ನನಗೆ ಬೇಡದ್ದು ಎಂದು ಮಾತ್ರ ತಿಳಿಯಬೇಡ. ಈ ಊರಿನ ಹಾಸ್ಟೆಲಿನಲ್ಲಿ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ನೀನು ಕೆಲಸ ಮಾಡುವ ಹೋಟೆಲಿನ ಲಾಂಡ್ರಿಯೇ. ನೆಲಮಾಳಿಗೆಯ ಆ ಬಿಸಿ, ಗುಡುಗುಡು ಎನ್ನುವ ಯಂತ್ರಗಳು, ಸೋಪಿನ ಪುಡಿಯ ಘಾಟು, ಆಗಷ್ಟೇ ಹೊರಬಂದ ಟವೆಲುಗಳ ರಾಶಿಯ ಮೇಲೆ ಬೆಕ್ಕಿನ ಮರಿಯಂತೆ ಮಲಗಿರುತ್ತಿದ್ದ ನಾನು. ಶಾಲೆ ಬಿಟ್ಟೊಡನೆ ಸೀದಾ ಅಲ್ಲಿಗೇ ಬರುತ್ತಿದ್ದೆ. ನೀನು ಎಲ್ಲಿ ಹೋದರೂ ಹಿಂದೆಯೇ ಸುತ್ತುತ್ತಿದ್ದುದರಿಂದ ಅಲ್ಲಿಯ ಹೆಂಗಸರೆಲ್ಲ ನನ್ನನ್ನು ಅಮ್ಮನ ಬಾಲ ಎಂದರು, ಕಡೆಗೆ ಅದೇ ಹೆಸರಾಯಿತು. ಯಂತ್ರಗಳ ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಅಲ್ಲಿ ನಾನೂ ಎಲ್ಲರ ಹಾಗೇ ಇದ್ದೆ. ಅದಕ್ಕೇ ಆ ಜಾಗ ನನಗೆ ಅಷ್ಟು ಇಷ್ಟವಾಗಿತ್ತು ಎಂದು ಈಗ ತಿಳಿಯುತ್ತಿದೆ.

ಆದರೆ ಅದಕ್ಕಿಂತ ಇಷ್ಟವಾದದ್ದು ಮೇಲಿನ ಮಾಳಿಗೆ. ನಿನಗೆ ನೆನಪಿದೆಯಾ? ಒಣಗಿಸುವ ಯಂತ್ರ ಬರುವ ಮೊದಲು ಹಾಸುಗಳನ್ನೆಲ್ಲ ಮಾಳಿಗೆಯ ತಂತಿಗೆ ಹಾಕುತ್ತಿದ್ದಿರಿ. ಸಂಜೆ ತೆಗೆಯುವಾಗ ನೀನು ಒಂದೊಂದೇ ಕ್ಲಿಪ್ಪು ಕಿತ್ತು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದೆ. ಆಮೇಲೆ ನೀನೊಂದು ತುದಿ, ನಾನೊಂದು ತುದಿ ಹಿಡಿದು ಹಾಸನ್ನು ಕೊಡವಿ, ಹಿಂದೆ ಸರಿದು ಬಿಗಿಮಾಡಿ, ಮುಂದೆ ಬಂದು ಮೂಲೆಗೆ ಮೂಲೆ ಸೇರಿಸುತ್ತಿದ್ದೆವು. ಮತ್ತೆ ಹಿಂದೆ, ಮತ್ತೆ ಮುಂದೆ. ಬಾಯಿತುಂಬ ಕ್ಲಿಪ್ಪು ಇಟ್ಟುಕೊಂಡ ನೀನು ಹೂಂ, ಊಹೂಂ ಬಿಟ್ಟರೆ ಬೇರೇನೂ ಹೇಳುವಂತಿರಲಿಲ್ಲ. ನಾನು ಅದೇ ಸಮಯ ಕಾಯುತ್ತಿದ್ದೆ. ಇಡೀ ದಿನ ಹೊಟ್ಟೆಯಲ್ಲಿಟ್ಟುಕೊಂಡ ಮಾತೆಲ್ಲ ಅಲ್ಲಿ ಹೊರಬರುತ್ತಿತ್ತು. ಉಗ್ಗಿ ಉಗ್ಗಿ, ನಿಂತು ನಿಂತು, ಆದರೂ ಪೂರ್ತಿಯಾಗಿ. ಹಾಸಿನ ಆಚೆ ನಿನ್ನ ಹುಬ್ಬು ಮೇಲೇರುವುದು, ಕಣ್ಣು ನಗುವುದು ಮಾತ್ರ ಕಾಣುತ್ತಿತ್ತು. ನನ್ನ ಬಾಲ್ಯವೆಂದರೆ ಅದು, ಅಮ್ಮ.

ಕೆಳಗೆ ಇಳಿದು ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕಿದೆಯೋ, ಮತ್ತೆ ನನ್ನ ಬಾಯಿ ನಿನ್ನದಾಗುತ್ತಿತ್ತು! ರಿಬ್ಬನ್ನಿನ ಅಂಗಡಿ ನೆನಪಿದೆಯಾ? ನಾನು ನೀಲಿಯದನ್ನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ನೀನು ‘ಕೆಂಪು ಕೊಡಿ, ಅವಳಿಗೆ ಕೆಂಪು ಅಂದ್ರೆ ಪ್ರಾಣ’ ಎಂದೆ. ಶಾಲೆ ಬಿಡುವವರೆಗೂ ಕೆಂಪು ರಿಬ್ಬನ್ನೇ ಕಟ್ಟಿಕೊಂಡೆ. ಅದೇನೂ ದೊಡ್ಡದಲ್ಲ, ಈಗ ನೆನೆಸಿಕೊಂಡರೆ ನಗು ಬರುತ್ತದೆ. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ ನಗುತ್ತಿದ್ದರೆಂದು ನಾನು ಶಾಲೆ ಬಿಟ್ಟಾಗಲೂ ನೀನು ಒಂದು ಮಾತು ಬೈಯಲಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನನ್ನ ಮಗಳು ಮುತ್ತು ಒಡೆಯೋಳಲ್ಲ’ ಎಂದು ತಲೆ ಸವರಿದೆ. ಆ ರಾತ್ರಿ ನೀನು ಅತ್ತದ್ದು ನನಗೆ ಗೊತ್ತು. ನಿನ್ನ ಪ್ರೀತಿಯ ಮೇಲೆ ನನಗೆ ಎಂದೂ ಅನುಮಾನ ಬಂದಿಲ್ಲ.

ಇನ್ನು ಇಲ್ಲಿಯ ವಿಷಯ. ಏನೋ ಕಂಪ್ಯೂಟರ್ ಕಲಿಸುತ್ತಾರೆ ಎಂದಷ್ಟೇ ನಿನಗೆ ಹೇಳಿದ್ದೆ, ಉಳಿದದ್ದನ್ನು ಮುಚ್ಚಿಟ್ಟಿದ್ದೆ. ಹೇಳಿದ್ದರೆ ನೀನು ನಗುತ್ತಿದ್ದೆ. ಇಲ್ಲ, ಕಣ್ಣು ಕೆಡುತ್ತದೆ ಎಂದು ವಾಪಸು ಕರೆಸಿಕೊಳ್ಳುತ್ತಿದ್ದೆ. ನಾವು ಕಲಿಯುವುದು ಕಣ್ಣಿಗೆ ಡಬ್ಬಿ ಕಟ್ಟಿಕೊಂಡು. ಟೀಚರ್ ಅದನ್ನು ವಿ.ಆರ್. ಎನ್ನುತ್ತಾರೆ, ನಮಗೆ ಮಾತ್ರ ಡಬ್ಬಿಯೇ. ಕಟ್ಟಿಕೊಂಡರೆ ಟೈರು ವಾಸನೆಯ ಈ ಕೋಣೆ ಮಾಯವಾಗಿ ನೀನು ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ನಿಂತಿರುತ್ತೀಯ. ಸುತ್ತ ತಿರುಗಿದರೆ ಸುತ್ತಲೂ ಅದೇ. ಶಾಲೆ ಬಿಟ್ಟವರಿಗೆ, ಕೆಲಸದ ಬಾಗಿಲ ಒಳಗೆ ಕಾಲಿಡಲು ಯಾರೂ ಬಿಡದವರಿಗೆ, ಒಳಗೆ ಹೋದರೆ ಏನು ಮಾಡಬೇಕೆಂದು ಮೊದಲೇ ಕಲಿಸುವ ಉಪಾಯವಿದು. ಹೊರಗಿನಿಂದ ನೋಡಿದರೆ ಮಾತ್ರ ಹುಚ್ಚರ ಸಂತೆ. ಒಬ್ಬ ಗಾಳಿಯಲ್ಲಿ ವೈರು ಸುತ್ತುತ್ತಿರುತ್ತಾನೆ, ಇನ್ನೊಬ್ಬ ಇಲ್ಲದ ಕಾರಿನ ಕೆಳಗೆ ಮಲಗಿರುತ್ತಾನೆ.

ಡಬ್ಬಿಗಳು ಕಡಿಮೆ ಇದ್ದುದರಿಂದ ನಮ್ಮನ್ನು ಜೋಡಿ ಮಾಡಿದರು. ಒಬ್ಬರು ಕಟ್ಟಿಕೊಂಡರೆ ಇನ್ನೊಬ್ಬರು ಪಕ್ಕದಲ್ಲಿ ನಿಂತು, ‘ಗೋಡೆ ಬಂತು’ ಎಂದು ಎಚ್ಚರಿಸಬೇಕು. ನನ್ನ ಜೋಡಿ ಒಬ್ಬ ಮಾತಿನ ಮಲ್ಲಿ. ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತೇವೆ. ಮೊದಲ ದಿನವೇ ನಾನು ಡಬ್ಬಿಯೊಳಗಿನ ಮೇಜು ಕಂಡು ಮೊಣಕೈ ಊರಿದೆ. ಅಲ್ಲಿ ಮೇಜೆಲ್ಲಿದೆ? ಧೊಪ್ಪೆಂದು ನೆಲಕ್ಕೆ ಬಿದ್ದೆ. ‘ಗೋಡೆ ನೋಡ್ಕೋ ಅಂದ್ರು, ಮೇಜು ನೋಡ್ಕೋ ಅನ್ಲಿಲ್ಲ’ ಎಂದು ರೇಡಿಯೋ ಕೈ ಚೆಲ್ಲಿದಳು. ಈಗಲೂ ನಿಜವಾದ ಮೇಜಿನ ಮೇಲೆ ಕೈಯಿಡುವ ಮೊದಲು ಒಂದು ಸಲ ಮುಟ್ಟಿ ನೋಡುತ್ತೇನೆ.

ನನಗೆ ಸಿಕ್ಕಿದ ಪಾಠ ಆಸ್ಪತ್ರೆಯ ನೋಂದಣಿ ಕೌಂಟರ್. ಬಂದವರ ಹೆಸರು ಬರೆದುಕೊಂಡು ಯಾವ ಕೋಣೆಗೆ ಹೋಗಬೇಕೆಂದು ಹೇಳುವುದು. ಹೌದು ಅಮ್ಮ, ಮಾತಾಡುವ ಕೆಲಸ. ಎಲ್ಲ ಬಿಟ್ಟು ಇದೇ ಯಾಕೆ ಎಂದರೆ, ನಾನೇ ಕೇಳಿ ತೆಗೆದುಕೊಂಡೆ. ಅಲ್ಲಿ ಸರದಿಯಲ್ಲಿ ಮೊದಲು ಬರುವವನು ಒಬ್ಬ ಮುದುಕ. ಕುತ್ತಿಗೆಗೆ ಮಫ್ಲರ್, ಕೈಯಲ್ಲಿ ಕೋಲು. ‘ಎಷ್ಟೊತ್ತು ಕಾಯೋದು? ನನ್ನ ಚೀಟಿ ಎಲ್ಲಿ?’ ಎಂದು ಕೋಲು ಕುಟ್ಟುತ್ತಾನೆ. ನಾವು ಅವನಿಗೆ ಸಿಡುಕಜ್ಜ ಎಂದು ಹೆಸರಿಟ್ಟೆವು. ಎಲ್ಲರೂ ಅವನನ್ನು ಕಂಡರೆ ಹೆದರುತ್ತಿದ್ದರು. ನಾನು ‘ಮೇಲಿನ ಮಹಡಿಗೆ ಹೋಗಿ’ ಎನ್ನಬೇಕಿತ್ತು. ಮಕಾರ ನನ್ನ ಹಳೆಯ ಶತ್ರು, ನಿನಗೇ ಗೊತ್ತು. ತುಟಿ ಅಂಟಿಕೊಂಡಿತು. ಅಜ್ಜ ಕಾದ. ಕಣ್ಣು ಮಿಟುಕಿಸಿದ, ಮಫ್ಲರ್ ಸರಿಮಾಡಿಕೊಂಡ, ನನ್ನನ್ನೇ ನೋಡುತ್ತ ಕಾದ. ಗಡಿಯಾರ ನೋಡಲಿಲ್ಲ, ನಗಲಿಲ್ಲ, ನನ್ನ ಪರವಾಗಿ ಮಾತು ಮುಗಿಸಲಿಲ್ಲ. ಕೊನೆಗೆ ಮಾತು ಹೊರಬಂತು. ಅವನು ತಲೆಯಾಡಿಸಿ ಮೇಲಿನ ಮಹಡಿಗೆ ಹೊರಟ. ಡಬ್ಬಿ ಬಿಚ್ಚಿದಾಗ ನನ್ನ ಕೆನ್ನೆ ಒದ್ದೆಯಾಗಿತ್ತು. ಬಾಯಲ್ಲಿ ಕ್ಲಿಪ್ಪಿಲ್ಲದೆಯೂ ನನ್ನ ಮಾತು ಮುಗಿಯುವವರೆಗೆ ಕಾದ ಮೊದಲ ಮನುಷ್ಯ ಅವನು, ಆದರೆ ಅವನು ಮನುಷ್ಯನೇ ಅಲ್ಲ, ಡಬ್ಬಿಯೊಳಗಿನ ಬೊಂಬೆ! ‘ಅವನಿಗೆ ಹೋಗೋಕೆ ಬೇರೆ ಊರಿಲ್ಲಮ್ಮ, ಅದಕ್ಕೇ ಕಾಯ್ತಾನೆ’ ಎಂದು ಟೀಚರ್ ಡಬ್ಬಿಯ ಗಾಜು ಒರೆಸಿದರು.

ಆಮೇಲೆ ಬೇರೆಯವರೆಲ್ಲ ಬೇಡವೆಂದು ಬಿಟ್ಟ ಅಜ್ಜನನ್ನು ನಾನು ಬಿಡಲೇ ಇಲ್ಲ. ಡಬ್ಬಿಯೊಳಗೆ ತೀರ ಉಸಿರು ಕಟ್ಟಿದರೆ ಅಂಗೈ ಎತ್ತಿ ತೋರಿಸಬೇಕು, ಆಗ ಅಜ್ಜ, ಸರದಿ, ಗಡಿಯಾರ ಎಲ್ಲ ಇದ್ದಲ್ಲೇ ನಿಲ್ಲುತ್ತವೆ. ಉಸಿರೆಳೆದು ಕೈ ಇಳಿಸಿದರೆ ಮತ್ತೆ ಚಲಿಸುತ್ತವೆ. ಆ ಅಂಗೈ ನನಗೆ ಎಷ್ಟು ಅಭ್ಯಾಸವಾಯಿತೆಂದರೆ, ಒಮ್ಮೆ ಹಾಸ್ಟೆಲಿನಲ್ಲಿ ಕುದಿದು ಉಕ್ಕುತ್ತಿದ್ದ ಹಾಲಿಗೂ ಕೈ ತೋರಿಸಿದೆ. ಅದು ನಿಲ್ಲಲಿಲ್ಲ.

ಹೋದ ವಾರ ನನ್ನನ್ನು ನಿಜವಾದ ಆಸ್ಪತ್ರೆಯ ಕೌಂಟರಿನಲ್ಲಿ ಒಂದು ದಿನ ಕೂರಿಸಿ ನೋಡಿದರು. ಅಲ್ಲಿಯ ಹಿರಿಯಳನ್ನು ಎಲ್ಲರೂ ಕೌಂಟರಕ್ಕ ಎನ್ನುತ್ತಾರೆ. ಫಿನಾಯಿಲ್ ವಾಸನೆ, ಅಳುವ ಮಕ್ಕಳು, ಎಲ್ಲ ಕಡೆಯಿಂದ ಕಿಟಕಿಯೊಳಗೆ ತೂರುವ ಕೈಗಳು. ಡಬ್ಬಿಯಲ್ಲಿ ಇವೇನೂ ಇರಲಿಲ್ಲ. ಕಾರ್ಖಾನೆಯ ಅಂಗಿ ಹಾಕಿದ ದೊಡ್ಡ ಆಳೊಬ್ಬ, ತನ್ನ ಹೆಂಡತಿಯನ್ನು ಎಲ್ಲಿಗೆ ಕರೆದುಕೊಂಡು ಹೋದರೆಂದು ಕೂಗಾಡುತ್ತ ಬಂದ. ನಾನು ಪಟ್ಟಿ ನೋಡಿದೆ. ಮೇಲಿನ ಮಹಡಿ. ಬೇಕೆಂದೇ ಬಂದ ಹಾಗೆ ಅದೇ ಮಕಾರ! ತುಟಿ ಅಂಟಿತು, ಅವನ ದನಿ ಏರಿತು, ಕೌಂಟರಕ್ಕ ನನ್ನ ಬದಲು ಉತ್ತರಿಸಲು ಬಾಯಿ ತೆರೆದಳು. ಆಗ ನನಗೇ ತಿಳಿಯದೆ ನನ್ನ ಅಂಗೈ ಮೇಲೆ ಹೋಯಿತು.

ಅವನು ನಿಂತುಬಿಟ್ಟ! ಬಾಯಿ ತೆರೆದುಕೊಂಡೇ. ಕೌಂಟರಕ್ಕನೂ ನಿಂತಳು, ಇಡೀ ಸರದಿ ಗಪ್‌ಚಿಪ್. ಸಿಡುಕಜ್ಜ ಎಂದೂ ಬೆವರುವುದಿಲ್ಲ, ಈ ಮನುಷ್ಯನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅದು ಕಂಡಾಗಲೇ ನಾನೆಂಥ ಕೆಲಸ ಮಾಡಿದೆನೆಂದು ಅರಿವಾದದ್ದು. ಆದರೆ ಎತ್ತಿದ ಕೈ ಎತ್ತಿಯಾಗಿತ್ತು. ಉಸಿರೆಳೆದು, ಕೈ ಇಳಿಸಿ, ಮೇಲಿನ ಮಹಡಿ, ಎಡಗಡೆಯ ಕೊನೆ ಬಾಗಿಲು, ಗಾಬರಿಯಾಗಬೇಡಿ, ಅವರ ಹೆಸರು ಇಲ್ಲಿದೆ ಎಂದು ಪೂರ್ತಿ ಹೇಳಿದೆ. ‘ಅಷ್ಟು ಹೇಳಿದ್ರೆ ಸಾಕಿತ್ತಮ್ಮ’ ಎಂದು ಅವನು ಮೆತ್ತಗೆ ಹೊರಟುಹೋದ. ಅವನಿಗಿದ್ದದ್ದು ಸಿಟ್ಟಲ್ಲ, ಹೆದರಿಕೆ.

ಎಲ್ಲರೂ ಹಾಗೆ ಕಾಯಲಿಲ್ಲ, ಸುಳ್ಳು ಹೇಳುವುದಿಲ್ಲ. ಒಬ್ಬ ಹೆಂಗಸು ರೋಸಿ ಪಕ್ಕದ ಕಿಟಕಿಗೆ ಹೋದಳು. ಒಬ್ಬ ನನ್ನ ಹಾಗೇ ಉಗ್ಗಿ ತೋರಿಸಿ ಗೆಳೆಯನ ಜೊತೆ ನಕ್ಕ. ಆದರೂ ಎದ್ದು ಓಡಬೇಕು ಅನಿಸಲಿಲ್ಲ ಅಮ್ಮ, ನನಗೇ ಆಶ್ಚರ್ಯ. ಸಂಜೆ ಕೌಂಟರಕ್ಕ ಕರೆದು, ಕೈ ತೋರಿಸಿ ಜನರನ್ನು ನಿಲ್ಲಿಸಲು ನೀನೇನು ಟ್ರಾಫಿಕ್ ಪೊಲೀಸಾ ಎಂದು ಚೆನ್ನಾಗಿ ಬೈದಳು. ಬೈದು ಮುಗಿಸಿ ಹೇಳಿದಳು: ‘ನಿಧಾನ ನೀನು. ಆದ್ರೆ ಯಾರನ್ನೂ ತಪ್ಪು ಬಾಗಿಲಿಗೆ ಕಳಿಸ್ಲಿಲ್ಲ. ಒಂದನೇ ತಾರೀಕಿಂದ ಬಾ. ಕೈ ಮಾತ್ರ ಮೇಜಿನ ಕೆಳಗಿಟ್ಕೋ.’

ಈಗ ತಿಳಿಯಿತಲ್ಲ? ಒಂದನೇ ತಾರೀಕು ನಾನು ಮಡಿಸುವ ಮೇಜಿಗೆ ಬರುವುದಿಲ್ಲ. ನೀನು ಯಾರ ಯಾರ ಬಳಿ ಹಲ್ಲುಗಿಂಜಿ ಆ ಜಾಗ ಹಿಡಿದಿಟ್ಟಿದ್ದೀಯ ಎಂದು ನನಗೆ ಗೊತ್ತು. ಯಾರೂ ನಗದ, ಯಾರೂ ಏನೂ ಕೇಳದ ಒಂದು ಮೂಲೆಯಲ್ಲಿ, ನಿನ್ನ ಕಣ್ಣಳತೆಯಲ್ಲಿ ನನ್ನನ್ನು ಬಚ್ಚಿಡಬೇಕೆಂಬುದು ನಿನ್ನ ಆಸೆ. ಆ ಆಸೆಯನ್ನು ಮುರಿಯುವುದು ನನಗೆ ಸುಲಭವಲ್ಲ. ಈ ಒಂದು ಸಾಲು ಬರೆಯಲು ಇಷ್ಟುದ್ದ ಸುತ್ತಿ ಬಂದೆ, ನೋಡು.

ನಗಬೇಡ, ಇನ್ನೊಂದು ಹೇಳುತ್ತೇನೆ. ಈ ಮಾತನ್ನು ನಿನಗೆ ಹೇಳುವ ಅಭ್ಯಾಸವನ್ನು ಸಿಡುಕಜ್ಜನ ಮುಂದೆಯೇ ಮಾಡಿದೆ. ಪಾಠ ಮುಗಿದ ಮೇಲೂ ಡಬ್ಬಿ ಬಿಚ್ಚದೆ, ‘ಅಮ್ಮ, ನಾನು ಲಾಂಡ್ರಿಗೆ ಬರಲ್ಲ’ ಎಂದು ಅವನಿಗೆ ಹೇಳುತ್ತಿದ್ದೆ. ಪಾಠದಲ್ಲಿ ಇಲ್ಲದ ಮಾತು ಅವನಿಗೇನು ತಿಳಿಯುತ್ತದೆ? ‘ಅರ್ಥ ಆಗ್ಲಿಲ್ಲ ತಾಯಿ, ಇನ್ನೊಂದ್ಸಲ ಹೇಳು’ ಎನ್ನುತ್ತಿದ್ದ. ಇನ್ನೊಂದು ಸಲ ಹೇಳುತ್ತಿದ್ದೆ. ಎಷ್ಟು ಸಲವೋ ಲೆಕ್ಕವಿಲ್ಲ, ರೇಡಿಯೋಗೆ ಬಾಯಿಪಾಠವಾಗಿ ಅವಳು ಡಬ್ಬಿಯ ಆಚೆಯಿಂದ ರಾಗ ಹಾಕಿ ಹಾಡುತ್ತಿದ್ದಳು. ನಿನ್ನೆ ನಮ್ಮ ತಂಡದ ಕೊನೆಯ ದಿನ. ಎಲ್ಲರೂ ಮೆಟ್ಟಿಲಿಳಿದ ಮೇಲೆ ಟೀಚರನ್ನು ಕೇಳಿಕೊಂಡು ಕೊನೆಯ ಸಲ ಅಜ್ಜನ ಮುಂದೆ ನಿಂತೆ. ಹೋಗಿ ಬರುತ್ತೇನೆ ಎಂದೆ. ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳು ಎಂದ. ಮುಂದೆ ಬರುವವರಿಗೂ ಅವನು ಹೀಗೇ ಕಾಯುತ್ತಾನೆ. ನನ್ನ ನೆನಪು ಅವನಿಗೆ ಇರುವುದಿಲ್ಲ ಎಂದು ಗೊತ್ತಿದ್ದೂ ಇನ್ನೊಂದು ಸಲ ಹೇಳಿದೆ.

ಇವತ್ತು ಉಳಿದ ಸಾಮಾನು ಒಯ್ಯಲು ಇಲ್ಲಿಗೆ ಬಂದವಳು ಕಿಟಕಿಯ ಬಳಿ ಕೂತು ಇದನ್ನು ಬರೆದೆ. ಕೋಣೆ ಖಾಲಿ. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು. ನನ್ನ ಮೇಲೆ ಸಿಟ್ಟು ಬಂದರೆ ಬೈದುಬಿಡು, ಮಾತು ಬಿಡಬೇಡ.

ನೀನು ಎಲ್ಲೇ ಇದ್ದರೂ ಹಿಂದೆಯೇ ಇರುವ,
ನಿನ್ನ ಬಾಲ

ತಾ.ಕ.: ಇದನ್ನು ಇಸ್ತ್ರಿ ಮಾವನಿಗೆ ಕೊಟ್ಟು ಹಾಗೇ ಹಿಂದಿರುಗಬೇಕೆಂದು ಹೊರಟವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಕಾಗದದಲ್ಲಿ ಹೇಳಿ ತಪ್ಪಿಸಿಕೊಂಡರೆ ಸಿಡುಕಜ್ಜ ಇಷ್ಟು ದಿನ ಕಾದದ್ದು ದಂಡ. ಆದ್ದರಿಂದ ಹಿಂದಿರುಗುತ್ತಿಲ್ಲ, ಈ ಸಾಲುಗಳನ್ನು ಮಾವನ ಇಸ್ತ್ರಿ ಮೇಜಿನ ಬಳಿ ನಿಂತೇ ಬರೆಯುತ್ತಿದ್ದೇನೆ. ಈಗ ಹಿಂದಿನ ಮೆಟ್ಟಿಲು ಹತ್ತಿ ಮಾಳಿಗೆಯಲ್ಲಿ ನಿನಗಾಗಿ ಕಾಯುತ್ತಿರುತ್ತೇನೆ. ಯಂತ್ರ ಬಂದರೂ ದಿಂಬಿನ ಚೀಲ, ಹಾಸುಗಳನ್ನು ನೀನು ಇನ್ನೂ ಬಿಸಿಲಿಗೇ ಹಾಕುತ್ತೀಯಂತೆ, ಮಾವ ಹೇಳಿದ. ಮೇಲೆ ಬಾ, ಒಟ್ಟಿಗೆ ಮಡಿಸೋಣ. ಬರೆದದ್ದನ್ನೆಲ್ಲ ನಿನ್ನೆದುರು ನಿಂತು ನನ್ನ ಬಾಯಿಂದಲೇ ಹೇಳುತ್ತೇನೆ, ಎಷ್ಟು ಹೊತ್ತಾದರೂ ಸರಿ. ಬರುವಾಗ ಬುಟ್ಟಿಯಿಂದ ಎರಡು ಕ್ಲಿಪ್ಪು ತೆಗೆದು ಬಾಯಲ್ಲಿ ಕಚ್ಚಿಕೊಂಡೇ ಬಾ, ಅಮ್ಮ.