ಎಡಬದಿಯ ಕೈ

ಝಳಕಿ
೧೨ ನವೆಂಬರ್ ೨೦೨೫

ಪ್ರೀತಿಯ ಮಗಳು ಮೆಹನಾಜಳಿಗೆ ಅಮ್ಮಿಯ ಸಲಾಂ.

ಹೇಗಿದ್ದೀಯವ್ವಾ? ಎಂಟು ತಿಂಗಳು ತುಂಬಿತು, ಕಾಲಿನ ಬಾವು ಇಳಿಯಿತೇ? ಉಪ್ಪು ಕಡಿಮೆ ಮಾಡು. ಸೊಲ್ಲಾಪುರದಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವುದು ಮಾತ್ರ ಬೇಡವೇ ಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಬ್ಬಾ ಮಗ್ಗುಲಲ್ಲೇ ಇರುತ್ತಾರೆ, ಒಂದೊಂದು ಮಾತಿಗೂ ತಿದ್ದುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಗುರುವಾರ ವಿಜಯಪುರದಲ್ಲಿ ನನ್ನ ಬಲ ಎದೆಯ ಗಂಟು ತೆಗೆಯುತ್ತಾರೆ. ಎಂಟು ದಿನ ಅಲ್ಲೇ ಇರಬೇಕು, ಆಮೇಲೂ ಕೆಲವು ತಿಂಗಳು ಬಲಗೈ ಎತ್ತುವುದು ಕಷ್ಟ ಎಂದರು ಡಾಕ್ಟರು. ಕೇಳಿ ಅಳು ಬರಲಿಲ್ಲ ಮಗಳೇ, ಯಾರದೋ ಮನೆಯ ಸುದ್ದಿ ಕೇಳಿದಂತಾಯಿತು. ಒಂದೇ ಚಿಂತೆ, ಅಬ್ಬಾ ಉಣ್ಣುವುದು ಹೇಗೆ? ನಿಂಬೆಹಣ್ಣಿನ ಲಾರಿಯ ಮೇಲಿಂದ ಬಿದ್ದು ಕೈಕಾಲು ಸ್ವಾಧೀನ ತಪ್ಪಿ ಮಂಚ ಹಿಡಿದ ಈ ಆರು ವರ್ಷದಲ್ಲಿ ನನ್ನ ಕೈ ಬಿಟ್ಟು ಬೇರೆ ಕೈಯಿಂದ ತುತ್ತು ತಿಂದವರಲ್ಲ. ನಿನ್ನ ಚಾಚಾ ಇಜಾಜ ಸ್ವಂತ ತಮ್ಮ, ಅವನು ಉಣಿಸಲು ಬಂದರೂ ಬಾಯಿ ಬಿಗಿಹಿಡಿಯುತ್ತಾರೆ. ಮೈಗೆ ಏನಾದರೂ ಹಠಕ್ಕೆ ಏನೂ ಆಗಿಲ್ಲ.

ಅದಕ್ಕೇ ಇಜಾಜ ಓಡಾಡಿ, ಒಂದು ಕಾಲೇಜಿನವರಿಂದ ಯಂತ್ರದ ಕೈ ತರಿಸಿದ, ಪರೀಕ್ಷೆಗೆಂದು ಆರು ತಿಂಗಳ ಮಟ್ಟಿಗೆ. ಗದ್ದದ ಕೆಳಗೊಂದು ಗುಂಡಿ. ಒತ್ತಿದರೆ ಕೈ ಬಟ್ಟಲಿಗೆ ಬಾಗಿ, ಚಮಚ ತುಂಬಿಕೊಂಡು ಬಾಯಿಗೆ ಬರುತ್ತದೆ. ರೊಟ್ಟಿ ಮುರಿಯಲು ಅದಕ್ಕೆ ಬಾರದು, ಸಾರಿನಲ್ಲಿ ನೆನೆಸಿ ಇಡಬೇಕು. ಮಂಚದ ಬಲಕ್ಕೆ ಗೋಡೆ ಇದೆಯಲ್ಲ, ಬಂದವರು ಅದರ ಕಂಬವನ್ನು ಎಡಕ್ಕೆ ನಿಲ್ಲಿಸಿ ನೆಲಕ್ಕೆ ಬೋಲ್ಟ್ ಬಿಗಿದು ಹೋದರು. ನಾವೂ ನೋಡುತ್ತ ನಿಂತಿದ್ದೆವು, ಯಾರಿಗೂ ಹೊಳೆಯಲಿಲ್ಲ. ಚಮಚ ಎಡದಿಂದ ಬಂತು ನೋಡು, ಅಬ್ಬಾ ಮುಖ ತಿರುಗಿಸಿದರು. "ಎಡಗೈಲೆ ಉಣ್ಣಾವ ಶೈತಾನ. ನಾ ಉಣ್ಣಂಗಿಲ್ಲ." ಮಂಚವನ್ನು ಹಿಂದುಮುಂದಾಗಿ ತಿರುಗಿಸೋಣವೆಂದರೆ ಕಾಲು ಪಶ್ಚಿಮಕ್ಕೆ, ನಮಾಜಿಗೆ ಮುಖ ಮಾಡುವ ಕಿಬ್ಲಾದ ಕಡೆ ಬರುತ್ತವೆ. ಅದೂ ಆಗದು. ನನಗೂ ಸಿಟ್ಟು ಬಂತು, ಒಂದು ದಿನ ಉಣಿಸಲಿಲ್ಲ. ಅವರು ಚಹಾ ಸಹ ಕೇಳಲಿಲ್ಲ.

ಕೊನೆಗೆ ಇಜಾಜನೇ ದಾರಿ ಹುಡುಕಿದ. ಮಂಚವನ್ನು ಹಾಗೆಯೇ ಕಂಬದ ಆಚೆಗೆ, ನಾನು ಹಾಸಿಗೆ ಹಾಸುವ ಜಾಗಕ್ಕೆ ಸರಿಸಿದರೆ ಕಂಬ ಬಲಕ್ಕೇ ಬರುತ್ತದಲ್ಲ! ನಾನು ಹಾಸಿಗೆ ಸುತ್ತಿಟ್ಟು ಚಹಾಕ್ಕೆ ಒಳಗೆ ಹೋದೆ. ಬಂದು ನೋಡಿದರೆ ಮಂಚ ಇದ್ದಲ್ಲೇ ಇದೆ, ಅಬ್ಬಾ ಎಡಬದಿಯ ಚಮಚದಿಂದಲೇ ಉಣ್ಣುತ್ತಿದ್ದಾರೆ, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು. ಯಾಕೆಂದು ಕೇಳಿದರೆ "ಹಸದಿದ್ದೆ" ಅಂದರು, ಅಷ್ಟೇ. ಸೋತರು ಅಂದುಕೊಂಡೆ. ಗೆದ್ದ ಖುಷಿಯೂ ಆಗಲಿಲ್ಲ. ಬಟ್ಟಲು ತೊಳೆದಿಟ್ಟೆ. ಇನ್ನು ನಿನ್ನ ಚಾಚಿ ಗುಲನಾಜ ಹೊತ್ತುಹೊತ್ತಿಗೆ ಬಟ್ಟಲು ತುಂಬಿಟ್ಟು ಹೋದರೆ ಸಾಕು.

ನಿನ್ನ ಗಂಡನಿಗೆ, ಅತ್ತೆಗೆ ಸಲಾಂ ಹೇಳು. ಅಲ್ಲಾಹ ನಿನ್ನನ್ನೂ ಹೊಟ್ಟೆಯ ಕೂಸನ್ನೂ ಸುಖವಾಗಿಡಲಿ.

ನಿನ್ನ ಅಮ್ಮಿ,
ಜೋಹರಾಬಿ

ತಾ.ಕ.: ಲಕೋಟೆ ಅಂಟಿಸುವಾಗ ಇಜಾಜ ಬಂದ. ಅವತ್ತು ಮಂಚ ಯಾಕೆ ಸರಿಸಲಿಲ್ಲ ಎಂದು ಕೇಳಿದೆ. ಅಬ್ಬಾ ಅವನಿಗೆ ಹೇಳಿದ್ದರಂತೆ: "ಆ ಬದಿ ಬಿಡು ತಮ್ಮಾ. ದವಾಖಾನಿಂದ ಬಂದಮ್ಯಾಲ ಆಕಿಗೊಂದು ಮಂಚ ಅಲ್ಲಿ ಹಾಕು. ಈ ಯಂತ್ರದ ಕೈ ಆಕಿಗೆ ಬಲಕ್ಕ ಬರತೈತಿ."